ಜಠರದ ಕ್ಯಾನ್ಸರ್ ಮತ್ತು ನಮ್ಮೊಳಗಿನ ಕಾವಲುಗಾರರು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಜಠರದ ಕ್ಯಾನ್ಸರ್ ಬಗ್ಗೆ ಮಾತಾಡಲು ಬಂದಿದ್ದೇನೆ. ವಿಜ್ಞಾನದ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ತಪ್ಪಿದರೆ ಈಗಲೂ ಕಿವಿ ಹಿಂಡಲಿ.

ಕಾರಣ ನನ್ನ ಸೋದರಮಾವ. ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದ ಗಟ್ಟಿ ಆಳು. ಎರಡು ಮುದ್ದೆ ಉಣ್ಣುತ್ತಿದ್ದವರು ಅರ್ಧ ಮುದ್ದೆಗೇ ಹೊಟ್ಟೆ ತುಂಬಿತು ಎನ್ನತೊಡಗಿದರು. ಗ್ಯಾಸ್ ಇರಬೇಕೆಂದು ಸೋಡಾ, ಶುಂಠಿ ಕಷಾಯ, ಅಂಗಡಿ ಮಾತ್ರೆಗಳಲ್ಲಿ ಎಂಟು ತಿಂಗಳು ಕಳೆದವು. ನಾವೆಲ್ಲ ಅದನ್ನೇ ನಂಬಿದೆವು, ಓದಿದವನಾದ ನಾನೂ. ಕೊನೆಗೆ ರೈಲು ಹತ್ತಿಸಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಕರೆದೊಯ್ದಾಗ ರೋಗ ಯಕೃತ್ತಿಗೂ ಹರಡಿತ್ತು. ಬಯಾಪ್ಸಿ ವರದಿಯಲ್ಲಿ ಒಂದು ಸಾಲಿತ್ತು: ಗಡ್ಡೆಯ ಅಂಚಿನಲ್ಲಿ ಲಿಂಫೋಸೈಟುಗಳು ಸೇರಿವೆ ಎಂದು. ಅವು ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳು ಎಂದು ಇದೇ ಶಾಲೆಯಲ್ಲಿ ಕಲಿತಿದ್ದೆ. ಕಾವಲುಗಾರರು ಕಳ್ಳನ ಬಾಗಿಲವರೆಗೂ ಬಂದಿದ್ದರು. ಹಿಡಿಯಲಿಲ್ಲ ಯಾಕೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಕಥೆ ಒಂದು ಬ್ಯಾಕ್ಟೀರಿಯಾದಿಂದ ಶುರುವಾಗುತ್ತದೆ. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಜಠರದಲ್ಲಿ ಕಂಡುಹಿಡಿದರು. ಆಮ್ಲದಲ್ಲಿ ಯಾವ ಜೀವಿ ಬದುಕೀತು ಎಂದು ಜನ ನಗಾಡಿದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಇದ್ದ ದ್ರವವನ್ನೇ ಕುಡಿದು ಜಠರದ ಉರಿಯೂತ ತಂದುಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಕ್ಕಳೇ, ಪ್ರಯೋಗಾಲಯದಲ್ಲಿ ನೀವು ಹಾಗೆ ಮಾಡಬೇಡಿ.

ನಮ್ಮ ದೇಶದಲ್ಲಿ ಈ ಸೋಂಕು ಬಹಳ ಮಂದಿಗೆ ಬಾಲ್ಯದಲ್ಲೇ ತಗಲುತ್ತದೆ. ಹೆಚ್ಚಿನವರಿಗೆ ಕ್ಯಾನ್ಸರ್ ಬರುವುದಿಲ್ಲ, ಹೆದರಬೇಡಿ. ಆದರೆ ಬಂದವರಲ್ಲಿ ಏನಾಗುತ್ತದೆ ನೋಡಿ. ಬ್ಯಾಕ್ಟೀರಿಯಾ ಲೋಳೆಯ ಪದರದೊಳಗೆ ಅಡಗಿ, ಸುತ್ತ ಅಮೋನಿಯಾ ತಯಾರಿಸಿ ಆಮ್ಲವನ್ನು ತಣಿಸುತ್ತದೆ. ರಕ್ಷಕ ಕಣಗಳು ಧಾವಿಸಿ ಬರುತ್ತವೆ, ಆದರೆ ಪೂರ್ತಿ ಓಡಿಸಲಾರವು. ಇಪ್ಪತ್ತು, ಮೂವತ್ತು ವರ್ಷ ಯುದ್ಧ ನಡೆದೇ ಇರುತ್ತದೆ. ಅವು ಶತ್ರುವಿನ ಮೇಲೆ ಎರಚುವ ರಾಸಾಯನಿಕಗಳೇ ಜಠರದ ಒಳಪದರವನ್ನೂ ಸುಡುತ್ತವೆ. ಪದರ ಸವೆಯುತ್ತದೆ, ಮತ್ತೆ ಬೆಳೆಯುತ್ತದೆ, ಪ್ರತಿ ಸಲ ಡಿ.ಎನ್.ಎ.ಯಲ್ಲಿ ತಪ್ಪು ನುಸುಳಲು ಅವಕಾಶ. ಅಂದರೆ ಕ್ಯಾನ್ಸರ್ ವಿರುದ್ಧ ಹೋರಾಡಬೇಕಾದವರೇ ಅದಕ್ಕೆ ಹೊಲ ಹದ ಮಾಡಿಕೊಟ್ಟ ಹಾಗೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗೆಂದು ಅವು ನಿಷ್ಪ್ರಯೋಜಕವಲ್ಲ. ಪ್ರತಿ ಜೀವಕೋಶವೂ ತನ್ನೊಳಗಿನ ಪ್ರೋಟೀನಿನ ತುಣುಕುಗಳನ್ನು ಗುರುತಿನ ಚೀಟಿಯಂತೆ ಹೊರಗೆ ತೋರಿಸುತ್ತದೆ. ಚೀಟಿಯಲ್ಲಿ ವಿಚಿತ್ರ ಕಂಡರೆ ಟಿ-ಕೋಶ ಅದನ್ನು ಕೊಲ್ಲುತ್ತದೆ. ಚೀಟಿಯನ್ನೇ ಬಚ್ಚಿಟ್ಟವರನ್ನು ಹಿಡಿಯಲು ಎನ್.ಕೆ. ಕೋಶಗಳಿವೆ. ಆದರೆ ಟಿ-ಕೋಶದ ಮೈಮೇಲೆ ಪಿ.ಡಿ.-1 ಎಂಬ ಬ್ರೇಕ್ ಇದೆ. ಅದು ಇಲ್ಲದಿದ್ದರೆ ಅವು ನಮ್ಮನ್ನೇ ತಿಂದುಹಾಕುತ್ತವೆ. ಕ್ಯಾನ್ಸರ್ ಕೋಶ ಸರಿಯಾಗಿ ಆ ಬ್ರೇಕನ್ನೇ ಒತ್ತುತ್ತದೆ. ಸಾಲದ್ದಕ್ಕೆ, ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳನ್ನು ತನ್ನ ಕಡೆಗೆ ಒಲಿಸಿಕೊಂಡು ರಕ್ತನಾಳ ಬೆಳೆಸಿಕೊಳ್ಳುತ್ತದೆ. ಮಾವನ ಗಡ್ಡೆಯ ಅಂಚಿನಲ್ಲಿದ್ದವರೂ ಹೀಗೇ ಬ್ರೇಕ್ ಬಿದ್ದು ನಿಂತಿದ್ದರೇನೋ.

ಆ ಬ್ರೇಕನ್ನು 1992ರಲ್ಲಿ ಪತ್ತೆಹಚ್ಚಿದ್ದು ಜಪಾನಿನ ತಸುಕು ಹೊಂಜೊ ಅವರ ತಂಡ. ಇನ್ನೊಂದು ಬ್ರೇಕಿನ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್ ಜೊತೆ ಅವರಿಗೆ 2018ರಲ್ಲಿ ನೊಬೆಲ್ ಸಿಕ್ಕಿತು. ಬ್ರೇಕ್ ಬಿಡಿಸುವ ನಿವೊಲುಮ್ಯಾಬ್ ಔಷಧವನ್ನು ಜಪಾನ್, ಕೊರಿಯಾ, ತೈವಾನ್‌ಗಳಲ್ಲಿ, ಬೇರೆ ಚಿಕಿತ್ಸೆಗಳೆಲ್ಲ ಸೋತ 493 ಜಠರ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಬಂತು. ಒಂದು ವರ್ಷದ ನಂತರ ಬದುಕಿದ್ದವರು ಔಷಧ ಪಡೆದ ನೂರರಲ್ಲಿ ಸುಮಾರು 26, ಪಡೆಯದ ನೂರರಲ್ಲಿ 11. ಪವಾಡವಲ್ಲ. ಆದರೆ ಆ ಹದಿನೈದು ಮಂದಿಯ ಮನೆಯವರನ್ನು ಕೇಳಿ. ಡಿ.ಎನ್.ಎ. ತಿದ್ದುವ ವ್ಯವಸ್ಥೆಯೇ ಕೆಟ್ಟ ಗಡ್ಡೆಗಳಲ್ಲಿ ವಿಚಿತ್ರ ಪ್ರೋಟೀನು ಹೆಚ್ಚು, ಹಾಗಾಗಿ ಅಂಥವರಿಗೆ ಇದು ಚೆನ್ನಾಗಿ ಹಿಡಿಯುತ್ತದೆ.

ಟಿ-ಕೋಶವನ್ನು ಹೊರತೆಗೆದು, ಮಾರ್ಪಡಿಸಿ, ವಾಪಸು ಬಿಡುವ ಕಾರ್-ಟಿ ಚಿಕಿತ್ಸೆ ಐ.ಐ.ಟಿ. ಬಾಂಬೆ ಮತ್ತು ಟಾಟಾ ಆಸ್ಪತ್ರೆಯ ಶ್ರಮದಿಂದ ನಮ್ಮಲ್ಲೂ ತಯಾರಾಗಿದೆ. 2024ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳು ಅದನ್ನು ಲೋಕಾರ್ಪಣೆ ಮಾಡಿದರು. ಸದ್ಯಕ್ಕೆ ಅದು ರಕ್ತದ ಕ್ಯಾನ್ಸರಿಗೆ ಮಾತ್ರ.

ಮಾವ ಏಳು ತಿಂಗಳು ಬದುಕಿದರು. ಕೊನೆಯವರೆಗೂ ಮುದ್ದೆಯನ್ನೇ ಕೇಳುತ್ತಿದ್ದರು. ಅವರು ಹೋದ ಮೇಲೆ ಮನೆಮಂದಿಯೆಲ್ಲ ವೈದ್ಯರ ಸಲಹೆಯಂತೆ ಪೈಲೋರಿ ಪರೀಕ್ಷೆ ಮಾಡಿಸಿಕೊಂಡೆವು. ನನಗೂ ಅಮ್ಮನಿಗೂ ಇತ್ತು. 14 ದಿನ ಮಾತ್ರೆ ನುಂಗಿದೆವು, ಬಾಯೆಲ್ಲ ಕಹಿ. ಮರುಪರೀಕ್ಷೆಯಲ್ಲಿ ಇಬ್ಬರಿಗೂ ಇಲ್ಲವೆಂದು ಬಂತು.

ನಿಮ್ಮ ಮನೆಯಲ್ಲಿ ಯಾರಾದರೂ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಲ ಕಪ್ಪಗಾಗುತ್ತಿದ್ದರೆ ಎಂಡೋಸ್ಕೋಪಿ ಬಗ್ಗೆ ವೈದ್ಯರನ್ನು ಕೇಳಿ. ಇನ್ನೇನಾದರೂ ಕೇಳುವುದಿದ್ದರೆ ಊಟದ ಪಂಕ್ತಿಯಲ್ಲಿ ಸಿಗುತ್ತೇನೆ.