ನಾಯಿ ಬೆಕ್ಕುಗಳ ಬಾಯಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ, ವೈದ್ಯನಲ್ಲ. ಓದಿ ತಿಳಿದ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುತ್ತೇನೆ.

ಮಟ್ಟಾಂಚೇರಿಯ ಮೆಣಸು ಶುಂಠಿಯ ಗೋದಾಮಿಗೆ ಇಲಿ ಹಿಡಿಯಲು ಬೆಕ್ಕು ಬೇಕು. ತಿರುವನಂತಪುರದ ಬಾಡಿಗೆ ಕೋಣೆಯ ಜಗುಲಿಯಲ್ಲಿ ನಾಯಿಯೊಂದು ಬಂದು ಮಲಗುತ್ತದೆ. ಊರು ಬಿಟ್ಟು ಬಂದ ನಮಗೆ ಅವೂ ನಂಟರೇ. ಸಾಕಬೇಡಿರೆಂದು ನಾನು ಹೇಳುವುದಿಲ್ಲ. ನಾಯಿ ನೆಕ್ಕಿದರೆ ಗಾಯ ಮಾಯುತ್ತದೆ ಎಂಬ ನಂಬಿಕೆಯನ್ನು ಮಾತ್ರ ಬಿಡಬೇಕು.

ನಾಯಿಯ ಬಾಯಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾಗಳುಂಟು. ನಮ್ಮ ಬಾಯಲ್ಲೂ ಉಂಟು. ಆದರೆ ಜಾತಿಗಳು ಬಹುಮಟ್ಟಿಗೆ ಬೇರೆ. ಅದಕ್ಕೆ ಕೇಡು ಮಾಡದ ಕ್ರಿಮಿ ನಮ್ಮ ರಕ್ತ ಸೇರಿದರೆ ಕೇಡು ಮಾಡೀತು. ವಿಜ್ಞಾನಿ ಲೂಯಿ ಪಾಶ್ಚರರ ಹೆಸರಿಟ್ಟಿರುವ ಪಾಶ್ಚುರೆಲ್ಲಾ ಎಂಬ ಕ್ರಿಮಿ ಬಹುಪಾಲು ಬೆಕ್ಕುಗಳ ಬಾಯಲ್ಲಿರುತ್ತದೆ. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕಿಳಿಯುತ್ತದೆ. ಮೇಲೆ ಕಾಣುವುದು ಚುಕ್ಕೆಯಷ್ಟು ಗಾಯ. ಒಂದು ದಿನದೊಳಗೆ ಕೈ ಕೆಂಪೇರಿ ಊದಬಹುದು. ಕ್ಯಾಪ್ನೊಸೈಟೊಫೇಗ ಎಂಬ ಇನ್ನೊಂದುಂಟು. ಅದರಿಂದ ರೋಗ ಬರುವುದು ಅಪರೂಪ. ಆದರೆ ಗುಲ್ಮ ತೆಗೆಸಿಕೊಂಡವರಿಗೂ ವಿಪರೀತ ಕುಡಿಯುವವರಿಗೂ ಪ್ರಾಣಕ್ಕೇ ಬರಬಹುದು.

ಎಲ್ಲಕ್ಕಿಂತ ಘೋರವಾದದ್ದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್. ಅದರ ಮೂಲ ಬ್ಯಾಕ್ಟೀರಿಯಾ ಅಲ್ಲ, ವೈರಸ್. ಬರುವುದು ಮಾತ್ರ ಅದೇ ಜೊಲ್ಲಿನಿಂದ. ಲಕ್ಷಣ ಕಂಡ ಮೇಲೆ ಬದುಕಿದವರು ತೀರ ವಿರಳ. ಹೊಟ್ಟೆಗೆ ಹದಿನಾಲ್ಕು ಸೂಜಿ ಎಂದು ಈಗಲೂ ಕೆಲವರು ಹೆದರುತ್ತಾರೆ. ಆ ಹಳೆಯ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2004ರಲ್ಲೇ ನಿಂತಿತು. ಈಗ ತೋಳಿಗೆ ಚುಚ್ಚುತ್ತಾರೆ: ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನ. ಒಂದನ್ನೂ ತಪ್ಪಿಸಕೂಡದು.

ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ ತಕ್ಷಣ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಸಿನ, ಮೆಣಸಿನ ಪುಡಿ ಬೇಡ. ಅದೇ ದಿನ ಎರ್ನಾಕುಲಂ ಜನರಲ್ ಆಸ್ಪತ್ರೆಗೋ ತಿರುವನಂತಪುರದ ಮೆಡಿಕಲ್ ಕಾಲೇಜಿಗೋ ಹೋಗಿ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆಗೆ ಬೇರೆ ಚುಚ್ಚುಮದ್ದೂ ಬೇಕಾದೀತು. ಅದನ್ನು ವೈದ್ಯರು ನೋಡಿ ಹೇಳುತ್ತಾರೆ. ಮಲಯಾಳ ಬಾರದವರು "ಪಟ್ಟಿ ಕಡಿಚ್ಚು" ಎಂದರೆ ಸಾಕು. ಇಲ್ಲಿ ಪಟ್ಟಿಯೆಂದರೆ ನಾಯಿ, ಗಾಯಕ್ಕೆ ಕಟ್ಟುವ ಪಟ್ಟಿಯಲ್ಲ! ಬೆಕ್ಕಾದರೆ "ಪೂಚ್ಚ ಕಡಿಚ್ಚು".

ಒಂದು ದಿನದ ಕೂಲಿ ಹೋಗುತ್ತದೆಂದು ಗಾಯವನ್ನು ಮುಚ್ಚಿಡಬೇಡಿ. ಕೋಣೆಯ ಜೊತೆಗಾರ ಮುಚ್ಚಿಟ್ಟರೆ ನೀವೇ ಕರೆದುಕೊಂಡು ಹೋಗಿ. ಸಾಕಿದ ನಾಯಿ ಬೆಕ್ಕುಗಳಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ. ಇಷ್ಟೇ ನನ್ನ ಅರಿಕೆ.