ಶೀಟಿನ ನೀರಿಗೂ ಲೆಕ್ಕ ಬೇಕು

(ಪುತ್ತೂರಿನಲ್ಲಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸುಳ್ಯ, ಕಡಬ, ಪುತ್ತೂರುಗಳ ರಬ್ಬರು ಶೀಟನ್ನು ನಾವು ಕಿಲೋ ಲೆಕ್ಕದಲ್ಲಿ ತೂಗುತ್ತೇವೆ, ದರ್ಜೆ ನೋಡಿ ಬೆಲೆ ಕಟ್ಟುತ್ತೇವೆ. ಶೀಟು ಹಿಂಡಿದ ಮೇಲೆ ಹರಿದುಹೋಗುವ ನೀರಿನ ಲೆಕ್ಕವನ್ನು ಇಟ್ಟವರಾರು?

ರಬ್ಬರು ಹಾಲಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ರಬ್ಬರು. ಉಳಿದದ್ದು ಬಹುಪಾಲು ನೀರು. ಅದರಲ್ಲಿ ಸಕ್ಕರೆ, ಪ್ರೋಟೀನು ಕರಗಿರುತ್ತವೆ. ಹಾಲು ಹೆಪ್ಪುಗಟ್ಟಲು ಫಾರ್ಮಿಕ್ ಆಸಿಡ್ ಹಾಕುತ್ತೇವೆ. ರೋಲರಿಗೆ ಕೊಟ್ಟಾಗ ಇವೆಲ್ಲ ನೀರಿನೊಡನೆ ಚರಂಡಿಗಿಳಿಯುತ್ತವೆ. ನಿಂತ ನೀರಿನಲ್ಲಿ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಹುಳಿಸಿ, ಅಸಿಟಿಕ್ ಮೊದಲಾದ ಹೊಸ ಆಮ್ಲಗಳನ್ನು ಹುಟ್ಟಿಸುತ್ತವೆ. ಮೂಗು ಮುಚ್ಚಿಸುವ ನಾತದ ಮೂಲವಿದು. ಈ ನೀರು ಹೆಚ್ಚಾಗಿ ತೋಡಿಗಿಳಿದರೆ ಅಲ್ಲಿಯ ಆಮ್ಲಜನಕ ಕರಗಿ, ಮೀನು ಉಸಿರುಕಟ್ಟಿ ಸಾಯುತ್ತದೆ. ಆ ತೋಡು ಮುಂದೆ ಪಯಸ್ವಿನಿಗೋ ಕುಮಾರಧಾರೆಗೋ ಸೇರುವಂಥದು.

“ನಾತವೇ ಸಾಕ್ಷಿಯೇ?” ಎಂದು ಕೇಳುವವರಿದ್ದಾರೆ. ಕೇಳಲಿ, ನಾವೂ ಅಳತೆಯನ್ನೇ ಕೇಳುತ್ತೇವೆ. ಪಿ.ಎಚ್. ಕಾಗದ ನೀರು ಹುಳಿಯೆಂದಷ್ಟೇ ಹೇಳುತ್ತದೆ. ಯಾವ ಆಮ್ಲ ಎಷ್ಟಿದೆಯೆಂದು ಬೇರ್ಪಡಿಸಿ ತೋರಿಸುವುದು ಪ್ರಯೋಗಶಾಲೆಯ ಕ್ರೊಮ್ಯಾಟೊಗ್ರಫಿ. ಮುಚ್ಚಿದ ಸೀಸೆಯಲ್ಲಿ 27 ಡಿಗ್ರಿ ಸೆಲ್ಸಿಯಸಿನಲ್ಲಿ 3 ದಿನವಿಟ್ಟು, ಆ ನೀರು ಎಷ್ಟು ಆಮ್ಲಜನಕ ನುಂಗಿತೆಂದು ಅಳೆಯುವುದು ಬಿ.ಓ.ಡಿ. ಪರೀಕ್ಷೆ.

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ಎಣ್ಣೆ ಬೆರೆತ ಮರಳನ್ನು ಬಿಸಿನೀರಿನಲ್ಲಿ ತೊಳೆದು ಡಾಂಬರಿನಂಥ ಎಣ್ಣೆ ತೆಗೆಯುತ್ತಾರೆ. ತೊಳೆದ ನೀರಿನಲ್ಲಿ ನ್ಯಾಫ್ತೆನಿಕ್ ಆಮ್ಲಗಳು ಉಳಿಯುತ್ತವೆ. ಅವು ಮೀನಿಗೆ ವಿಷ. ಸಾವಿರಾರು ಬಗೆಯವಾದ್ದರಿಂದ ಗುರುತು ಹಿಡಿಯಲು ಮಾಸ್ ಸ್ಪೆಕ್ಟ್ರೋಮೀಟರೆಂಬ ದುಬಾರಿ ಯಂತ್ರ ಬೇಕು. ಅಲ್ಲಿ ಸಾವಿರಾರನ್ನು ಅಳೆಯಲು ಹೊರಟಿರುವಾಗ, ನಮ್ಮ ನಾಲ್ಕಾರು ಆಮ್ಲಗಳನ್ನು ಅಳೆಯಲಾಗದೆಂಬ ಮಾತನ್ನು ನಂಬಬೇಕೆ?

ಅಳೆದರೆ ಕೆಲಸ ನಿಂತೀತೆಂಬ ಭಯ ನಿಮಗಿದೆ. ಹಾಲು ತೆಗೆಯುವವರಲ್ಲಿ 1964ರ ಒಪ್ಪಂದದ ಫಲವಾಗಿ ಶ್ರೀಲಂಕಾ ಬಿಟ್ಟು ಬಂದ ಕುಟುಂಬಗಳವರಿದ್ದಾರೆ. ಅವರನ್ನು ಇನ್ನೊಮ್ಮೆ ಬೀದಿಗೆ ತಳ್ಳಲು ನಾವು ಬಂದಿಲ್ಲ. ಈ ರೋಗಕ್ಕೆ ಮದ್ದಿದೆ. ಗಾಳಿಯಾಡದ ತೊಟ್ಟಿಯಲ್ಲಿ ಇದೇ ಆಮ್ಲಗಳನ್ನು ಸೂಕ್ಷ್ಮಜೀವಿಗಳು ಉರಿಯುವ ಅನಿಲವಾಗಿಸುತ್ತವೆ. ಗೋಬರ್ ಗ್ಯಾಸಿನ ಹಾಗೆ ಅದು ಒಲೆಗೂ ಆಗುತ್ತದೆ.

1974ರ ಜಲ ಕಾಯ್ದೆಯಂತೆ ಮಾದರಿ ತೆಗೆಯುವ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ. ರೋಲರು ನಡೆಯುವ ದಿನವೇ, ಚರಂಡಿಯ ಬಾಯಲ್ಲೇ ಮಾದರಿ ತೆಗೆಯಲಿ. ಅಂಕಿಗಳನ್ನು ಕನ್ನಡದಲ್ಲಿ ಬರೆದು ಪಂಚಾಯತಿಯ ಹಲಗೆಗೆ ಹಚ್ಚಲಿ. ತೊಟ್ಟಿಯ ಖರ್ಚು ಕೂಲಿಯಿಂದ ಮುರಿಯಬಾರದು. ಸಣ್ಣ ಬೆಳೆಗಾರನಿಗೆ ಸಹಕಾರಿ ತೊಟ್ಟಿ ಬೇಕು.

ಹೊಳೆಯೂ ಉಳಿಯಬೇಕು, ಕೂಲಿಯೂ ಉಳಿಯಬೇಕು. ಎರಡನ್ನೂ ಒಟ್ಟಿಗೇ ಕೇಳೋಣ.