ಲೆಕ್ಕದ ಬೀಗದ ಕೈ
(ರಜತ ಮಹೋತ್ಸವ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತು)



ಎಸ್ಸೆಸ್ಸೆಲ್ಸಿ ಓದಿದ ರೈತ ನಾನು. ಕಂಪ್ಯೂಟರ್ ವಿಷಯ ಮಾತಾಡ್ತೀನಿ ಅಂತ ನಗಬೇಡಿ.

ಸಂಘದ ಲೆಕ್ಕ ಸರ್ವರ್‌ಗೆ ಹೋದಾಗ ಕಾರ್ಯದರ್ಶಿಯವರ ಹತ್ತಿರ ಪಾಸ್‌ವರ್ಡ್ ಕೇಳಿದೆ. "ಅಣ್ಣಾ, ನಿಮಗೆ ನೋಡೋ ಹಕ್ಕಿದೆ, ತಿದ್ದೋ ಹಕ್ಕಿಲ್ಲ" ಅಂದರು. ನಿರ್ದೇಶಕನಾದ ನನಗೇ ಇಲ್ಲವೇ ಎಂದು ಸಿಟ್ಟಾಗಿ ಎರಡು ದಿನ ಮಾತು ಬಿಟ್ಟೆ. ಆಮೇಲೆ ಅವರೇ ಕೂರಿಸಿಕೊಂಡು ವಿವರಿಸಿದರು.

ಸರ್ವರ್‌ನಲ್ಲಿ ಪ್ರತಿ ಕಡತಕ್ಕೂ ಒಬ್ಬ ಮಾಲೀಕ, ಒಂದು ಗುಂಪು, ಆಮೇಲೆ ಉಳಿದವರು. ಹಕ್ಕೂ ಮೂರು: ಓದುವುದು, ಬರೆಯುವುದು, ನಡೆಸುವುದು. ಯುನಿಕ್ಸ್, ಲಿನಕ್ಸ್ ಪದ್ಧತಿಯಲ್ಲಿ ಓದಿಗೆ 4, ಬರಹಕ್ಕೆ 2, ನಡೆಸಲು 1. 640 ಎಂದರೆ ಮಾಲೀಕನಿಗೆ ಓದು-ಬರಹ ಎರಡೂ, ಗುಂಪಿಗೆ ಓದು ಮಾತ್ರ, ಉಳಿದವರಿಗೆ ಏನೂ ಇಲ್ಲ. ಸಾಲದ ಲೆಡ್ಜರ್ ಬರೆಯುವವರು ಒಬ್ಬರು, ನಿರ್ದೇಶಕರು ಓದುವ ಗುಂಪು. ನ್ಯಾಯವೇ ಅಲ್ಲವೇ?

ಕಡತಕ್ಕೆ ಹಕ್ಕು ಬಿಗಿ ಮಾಡಿ, ಅದಿರುವ ಫೋಲ್ಡರನ್ನ ಎಲ್ಲರಿಗೂ ತೆರೆದಿಟ್ಟರೆ ಯಾರು ಬೇಕಾದರೂ ಕಡತವನ್ನೇ ಅಳಿಸಬಹುದು. ಪೆಟ್ಟಿಗೆಗೆ ಬೀಗ ಹಾಕಿ ಮನೆ ಬಾಗಿಲು ತೆರೆದಿಟ್ಟ ಹಾಗೆ, ಪೆಟ್ಟಿಗೆ ಸಮೇತ ಹೊತ್ತುಕೊಂಡು ಹೋಗ್ತಾರೆ!

ಗುಮಾಸ್ತರು ನಿವೃತ್ತರಾದರೂ ಕಡತ ಅವರ ಹೆಸರಲ್ಲೇ ಉಳಿಯುತ್ತೆ, ಪೌತಿ ಖಾತೆ ಮಾಡಿಸದ ಜಮೀನಿನಂತೆ. ಸರ್ವರ್ ನೋಡಿಕೊಳ್ಳುವ ಮುಖ್ಯಸ್ಥರೇ ಅದನ್ನು ಹೊಸಬರ ಹೆಸರಿಗೆ ಮಾಡಬೇಕು. ಹಳಬರ ಪ್ರವೇಶವನ್ನೂ ಅಂದೇ ಮುಚ್ಚಬೇಕು.

ನಮ್ಮ ಪಹಣಿಯನ್ನೇ ನೋಡಿ. ಹಿಂದೆ ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. 2000ದ ಹೊತ್ತಿಗೆ 'ಭೂಮಿ' ಯೋಜನೆಯಲ್ಲಿ ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗುವ ಏರ್ಪಾಡು ಮಾಡಿದರು. ಪಾಸ್‌ವರ್ಡ್ ಪಕ್ಕದವನಿಗೆ ಹೇಳಬಹುದು, ಬೆರಳು ಕೊಡಲಾಗುತ್ತದೆಯೇ? 2022ರಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿ ಯೋಜನೆ ಒಪ್ಪಿತು. ಯಂತ್ರ ಬರುತ್ತೆ, ಶಿಸ್ತು ನಾವೇ ತರಬೇಕು.

ನಮ್ಮೂರಲ್ಲಿ ಹೊಲಗಳು ಲೇಔಟ್ ಆದವು, 2021ರಲ್ಲಿ ಮೆಟ್ರೋ ಬಂತು. ಉಳಿದ ಗುಂಟೆ ಗುಂಟೆಗೂ ಬೆಲೆ. ಸಾಲದ ಪುಸ್ತಕದಲ್ಲಿ ಒಂದು ಸೊನ್ನೆ ಹೆಚ್ಚಾದರೆ ಒಂದು ಸಂಸಾರವೇ ಬೀದಿಗೆ ಬರುತ್ತದೆ. ಹಾಗಾಗಿ ನನ್ನ ವಿನಂತಿ: ಒಬ್ಬೊಬ್ಬರಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರಲಿ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಹಕ್ಕು ಕೊಡಿ. ವರ್ಷಕ್ಕೊಮ್ಮೆ ಆ ಪಟ್ಟಿಯನ್ನು ಆಡಳಿತ ಮಂಡಳಿ ಮುಂದಿಟ್ಟು ಓದಿ.

ಅವತ್ತು ಇಲ್ಲ ಅಂದ ಕಾರ್ಯದರ್ಶಿಯವರಿಗೆ ಇವತ್ತು ಎಲ್ಲರೆದುರು ಕೈ ಮುಗಿಯುತ್ತೇನೆ.  ಜೈ ಸಹಕಾರ.